ಕಾಲುವೆ, ಕರೆಂಟು, ಕಡತ

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟೆಗೆ ರಾಜಾ ಲಖಮಗೌಡ ಜಲಾಶಯ ಎಂದು ಹೆಸರು. ಬೆಳಗಾವಿಯಲ್ಲಿ 1939ರಲ್ಲಿ ಶುರುವಾದ ಕಾನೂನು ಕಾಲೇಜಿಗೂ ಅದೇ ಹೆಸರು. ವಂಟಮುರಿಯ ಸರದೇಸಾಯಿ ಲಖಮಗೌಡರ ಹೆಸರು ಹೀಗೆ 51 ಟಿಎಂಸಿ ನೀರಿಗೂ ಕರಿಕೋಟಿನ ಓದಿಗೂ ಸೇರಿಕೊಂಡಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಈ ಎರಡಕ್ಕೂ ಇರುವ ನಂಟು ಹೆಸರಿನಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿ ಅಣೆಕಟ್ಟೆ ಎದ್ದಿತು, ಕಾಲುವೆ ಹರಿಯಿತು, ಗಿರಣಿಯ ಚಕ್ರ ತಿರುಗಿತು, ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡಿದವು. ಒಂದೊಂದರ ಹಿಂದೆಯೂ ಒಂದು ಕರಾರುಪತ್ರ ಇದೆ. ಕರಾರು ಮುರಿದ ದಿನ ಕಡತ ಹಿಡಿದು ವಕೀಲರ ಬಾಗಿಲಿಗೆ ಹೋಗಬೇಕು.

ಆ ವಕೀಲರು ಯಾರು, ಅವರು ಏನು ಮಾಡುತ್ತಾರೆ ಎಂಬುದು ಈ ಭಾಗದ ಬಹಳ ಜನರಿಗೆ ಗೊತ್ತಿಲ್ಲ. ಹೊಲದ ಗಡಿ, ಆಸ್ತಿಯ ವಾಟ್ನಿ, ಚೆಕ್ ಬೌನ್ಸ್ ಕೇಸು ನಡೆಸುವ ವಕೀಲರು ತಾಲ್ಲೂಕಿಗೆ ನೂರಾರು ಮಂದಿ ಇದ್ದಾರೆ. ಕಾಮಗಾರಿ ಮತ್ತು ವಿದ್ಯುತ್ ವ್ಯಾಜ್ಯಗಳನ್ನೇ ಕಸುಬು ಮಾಡಿಕೊಂಡವರು ಬೆಂಗಳೂರು, ಮುಂಬೈ, ದೆಹಲಿಯಲ್ಲಿ ಸಿಗುತ್ತಾರೆ. ಲಂಡನ್ನಿನಲ್ಲಿ ಈ ಕಸುಬಿಗೆ ಪ್ರತ್ಯೇಕ ನ್ಯಾಯಾಲಯವೇ ಇದೆ. ಹಿಂದೆ ‘ಅಫಿಶಿಯಲ್ ರೆಫರಿ’ಗಳು ನಡೆಸುತ್ತಿದ್ದ ಆ ಕೋರ್ಟಿಗೆ 1998ರಿಂದ ಟೆಕ್ನಾಲಜಿ ಅಂಡ್ ಕನ್‌ಸ್ಟ್ರಕ್ಷನ್ ಕೋರ್ಟ್ ಎಂದು ಹೆಸರು. ಅಲ್ಲಿ ವಾದಿಸುವ ಹಿರಿಯ ಬ್ಯಾರಿಸ್ಟರರು ಇಡೀ ಜೀವಮಾನವನ್ನು ಸುರಂಗ, ಸೇತುವೆ, ವಿದ್ಯುತ್ ಸ್ಥಾವರ, ತೈಲಬಾವಿಗಳ ಕರಾರುಗಳಲ್ಲೇ ಕಳೆಯುತ್ತಾರೆ.

ನಮ್ಮಲ್ಲಿ ಬ್ಯಾರಿಸ್ಟರ್ ಎಂಬ ಮಾತು ಗಾಂಧಿ, ನೆಹರೂ ಕಾಲದ ನೆನಪಾಗಿ ಉಳಿದಿದೆ. ಅವರ ಜಾಗದಲ್ಲಿ ಈಗ ಇರುವವರು 1961ರ ವಕೀಲರ ಕಾಯ್ದೆಯ 16ನೇ ಕಲಮಿನಡಿ ಹೈಕೋರ್ಟು ಅಥವಾ ಸುಪ್ರೀಂ ಕೋರ್ಟು ಪದವಿ ಕೊಟ್ಟ ಹಿರಿಯ ವಕೀಲರು. ಪದವಿ ಬಂದ ಮೇಲೆ ಅವರು ಕಕ್ಷಿದಾರರಿಂದ ನೇರವಾಗಿ ಕೇಸು ಹಿಡಿಯುವಂತಿಲ್ಲ, ವಾದಪತ್ರ ಬರೆದು ಹಾಕುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರಿಲ್ಲದೆ ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಅಂದರೆ ಗೋಕಾಕದ ಗುತ್ತಿಗೆದಾರ ದೆಹಲಿಯ ಹಿರಿಯರ ಮುಂದೆ ಕುಳಿತು ಕಥೆ ಹೇಳುವ ಹೊತ್ತಿಗೆ ಆ ಕಥೆ ಎರಡು ಮೂರು ಕೈ ದಾಟಿ, ಕಾಗದವಾಗಿ ಅಲ್ಲಿಗೆ ತಲುಪಿರುತ್ತದೆ. ಆ ಕಾಗದದಲ್ಲಿ ಇಲ್ಲದ್ದನ್ನು ಎಷ್ಟು ದೊಡ್ಡ ವಕೀಲರೂ ಹುಟ್ಟಿಸಲಾರರು.

ಬೆಳಗಾವಿಯ ಆ ಕಾಲೇಜಿನಲ್ಲಿ ಓದಿ ಎತ್ತರಕ್ಕೆ ಹೋದವರು ಇದ್ದಾರೆ. 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯನವರು ಕಾನೂನು ಕಲಿತ ಕಾಲೇಜುಗಳಲ್ಲಿ ಅದೂ ಒಂದು. 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕೂಡ ಅಲ್ಲೇ ಓದಿದವರು. ಇಂಥ ಪರಂಪರೆ ಇರುವ ಊರಿನ ಮಗ್ಗುಲಲ್ಲೇ ಕಾಲುವೆಯ ಬಿಲ್ಲಿನ ತಗಾದೆಗೆ ತಕ್ಕ ವಕೀಲರು ಸಿಗುವುದಿಲ್ಲ ಎಂಬುದು ಸಣ್ಣ ಕೊರತೆಯಲ್ಲ.

ತಗಾದೆ ಹುಟ್ಟುವುದು ಹೇಗೆ? ಒಂದು ಕಾಲುವೆ ಕೆಲಸವನ್ನೇ ನೋಡಬಹುದು.

ಮೊದಲನೆಯದು ತಡವಾದದ್ದರ ಜಗಳ. ಘಟಪ್ರಭಾ ಕಾಲುವೆಗಳು ಹಾಯುವ ಊರುಗಳಲ್ಲಿ ಹಳೆಯ ಕಾಲುವೆಗೆ ಕಾಂಕ್ರೀಟ್ ಹಾಸುವ ಕೆಲಸ ನಡೆಯುತ್ತಲೇ ಇರುತ್ತದೆ. ನೀರು ಹರಿಯುವಾಗ ಅದನ್ನು ಮಾಡಲಾಗದು. ನೀರು ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಮುಗಿಸಬೇಕು. ಅಷ್ಟರಲ್ಲಿ ಬೆಳೆ ಒಣಗುತ್ತಿದೆ ಎಂದು ರೈತರು ಕೂಗಿದರೆ, ಕುಡಿಯುವ ನೀರಿಗೆ ತತ್ವಾರ ಬಂದರೆ, ಕಾಲುವೆಗೆ ನೀರು ಬಿಡುತ್ತಾರೆ. ರೈತರ ಕೂಗು ನ್ಯಾಯದ್ದೇ. ಆದರೆ ಗುತ್ತಿಗೆದಾರನ ಮಿಕ್ಸರು, ಕೂಲಿ ಆಳುಗಳು, ಬಾಡಿಗೆ ಹಿಟಾಚಿ ಎಲ್ಲ ದಂಡೆಯ ಮೇಲೆ ಸುಮ್ಮನೆ ನಿಂತಿರುತ್ತವೆ, ದಿನದ ಬಾಡಿಗೆ ಮಾತ್ರ ಏರುತ್ತಲೇ ಇರುತ್ತದೆ. ಹತ್ತು ತಿಂಗಳ ಕೆಲಸ ಎರಡು ವರ್ಷ ಹಿಡಿಯುತ್ತದೆ. ಆಮೇಲೆ ತಡ ಮಾಡಿದ್ದಕ್ಕೆ ಇಲಾಖೆ ದಂಡ ಹಾಕುತ್ತದೆ, ತಡವಾಗಿದ್ದೇ ನಿಮ್ಮಿಂದ ಎಂದು ಗುತ್ತಿಗೆದಾರ ಪರಿಹಾರ ಕೇಳುತ್ತಾನೆ.

ಎರಡನೆಯದು ಕಲ್ಲಿನ ಜಗಳ. ಗೋಕಾಕ ಜಲಪಾತದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಧುಮುಕುವುದು ಗಟ್ಟಿ ಮರಳುಗಲ್ಲಿನ ಬಂಡೆಯಿಂದ. ಅದೇ ಸೀಮೆಯಲ್ಲಿ ನಾಲ್ಕು ಮೈಲಿ ಆಚೆ ಅಗೆದರೆ ಗರಸು, ಇನ್ನೂ ಆಚೆಗೆ ಕರಿಕಲ್ಲು. ಟೆಂಡರಿನಲ್ಲಿ ಮಣ್ಣಿಗೆ ಒಂದು ದರ, ಮೆತ್ತನೆ ಕಲ್ಲಿಗೆ ಒಂದು, ಮದ್ದು ಹಾಕಿ ಸಿಡಿಸಬೇಕಾದ ಗಟ್ಟಿ ಕಲ್ಲಿಗೆ ಇನ್ನೊಂದು. ಅಗೆದದ್ದು ಯಾವ ಕಲ್ಲು ಎಂದು ತೀರ್ಮಾನಿಸುವ ಪುಸ್ತಕಕ್ಕೆ ಎಲ್ಲರೂ ಹೇಳುವುದು ‘ಎಂ.ಬಿ.’ ಎಂದು. ಅಳತೆ ಪುಸ್ತಕ. ಪುಟಕ್ಕೆ ನಂಬರು ಹಾಕಿದ ಈ ಪುಸ್ತಕದಲ್ಲಿ ಉದ್ದ, ಅಗಲ, ಆಳ ಬರೆದು ಇಂಜಿನಿಯರು ಸಹಿ ಮಾಡಿದರೆ ಬಿಲ್ಲು ಏಳುತ್ತದೆ. ತಗ್ಗು ಮುಚ್ಚಿ ಕಾಂಕ್ರೀಟ್ ಬಿದ್ದ ಮೇಲೆ ಒಳಗೆ ಯಾವ ಕಲ್ಲಿತ್ತು ಎಂದು ದೇವರೂ ಬಂದು ಸಾಕ್ಷಿ ಹೇಳಲಾರ. ಎಂ.ಬಿ.ಯಲ್ಲಿ ಮೆತ್ತನೆ ಕಲ್ಲು ಎಂದು ಬರೆದಿದ್ದು, ಅದರ ಕೆಳಗೆ ಗುತ್ತಿಗೆದಾರ ಯಾವ ತಕರಾರೂ ಬರೆಯದೆ ಸಹಿ ಹಾಕಿದ್ದರೆ, ಐದು ವರ್ಷದ ನಂತರ ಹಿರಿಯ ವಕೀಲರು ಮೊದಲು ತಿರುವಿ ನೋಡುವುದು ಆ ಪುಟವನ್ನೇ.

ಮೂರನೆಯದು ಬಾಯಿಮಾತಿನ ಕೆಲಸ. ‘ಸಾಹೇಬರು ಹೇಳಿದರು, ಅಲ್ಲೊಂದು ಪೈಪು ಹಾಕಿದೆ, ಇಲ್ಲೊಂದು ಮೋರಿ ಕಟ್ಟಿದೆ’ ಎಂಬ ಮಾತು ಈ ಭಾಗದ ಪ್ರತಿ ಗುತ್ತಿಗೆದಾರನ ಬಾಯಲ್ಲೂ ಇದೆ. ಸಾಹೇಬರು ವರ್ಗವಾಗಿ ಹೋಗುತ್ತಾರೆ, ಹೊಸಬರು ಆದೇಶ ಎಲ್ಲಿ ಎನ್ನುತ್ತಾರೆ. ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬರು ಉಂಡಿದ್ದರೆ ಅದರ ಬೆಲೆ ಕೊಡಬೇಕು ಎಂದು 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಕಲಮು ಇದೆ ನಿಜ. ಕೆಲಸ ಮಾಡಿದ್ದು ತಾನೇ, ಇಷ್ಟೇ ಮಾಡಿದ್ದು ಎಂಬುದನ್ನು ಮಾತ್ರ ಗುತ್ತಿಗೆದಾರನೇ ತೋರಿಸಬೇಕು.

ಇನ್ನು ಲೆಕ್ಕ. ಕೆಲಸ ತಡವಾದಾಗ ಆಫೀಸು ಖರ್ಚು ಮತ್ತು ಲಾಭದ ನಷ್ಟವನ್ನು ಅಳೆಯಲು ‘ಹಡ್ಸನ್ ಸೂತ್ರ’ ಬಳಸುತ್ತಾರೆ. 1891ರಲ್ಲಿ ಮೊದಲು ಅಚ್ಚಾದ ಇಂಗ್ಲಿಷ್ ಕಾನೂನು ಪುಸ್ತಕದ ಹೆಸರಿನಿಂದ ಬಂದದ್ದು ಅದು. ತಿಳಿಯಲೆಂದು ಒಂದು ಕಲ್ಪಿತ ಲೆಕ್ಕ: ಗುತ್ತಿಗೆ 12 ಕೋಟಿ ರೂಪಾಯಿ, ಅವಧಿ 24 ತಿಂಗಳು, ಆಫೀಸು ಖರ್ಚು ಮತ್ತು ಲಾಭ ಸೇರಿ ನೂರಕ್ಕೆ 10. ಅಂದರೆ 1 ಕೋಟಿ 20 ಲಕ್ಷ, ತಿಂಗಳಿಗೆ 5 ಲಕ್ಷ. ಇಲಾಖೆಯಿಂದ 8 ತಿಂಗಳು ತಡವಾದರೆ 40 ಲಕ್ಷ ಕೇಳಬಹುದು. ಕೂಡಿ ಕಳೆದು ಭಾಗಿಸಿದರೆ ದುಡ್ಡು ಬಂದಂತೆ ಕಾಣುತ್ತದೆ. ಆದರೆ 2023ರಲ್ಲಿ ಸುಪ್ರೀಂ ಕೋರ್ಟು ಯೂನಿಬ್ರೋಸ್ ವಿರುದ್ಧ ಆಲ್ ಇಂಡಿಯಾ ರೇಡಿಯೊ ಪ್ರಕರಣದಲ್ಲಿ ಸೂತ್ರ ಒಂದೇ ಸಾಲದು ಎಂದಿತು. ಈ ಕೆಲಸದಲ್ಲಿ ಸಿಕ್ಕಿಕೊಂಡದ್ದರಿಂದ ಬೇರೆ ಕೆಲಸ ಕೈತಪ್ಪಿತು, ಲಾಭ ಹೋಯಿತು ಎಂಬುದಕ್ಕೆ ಪುರಾವೆ ಬೇಕು. ಆ ಹೊತ್ತಿನಲ್ಲಿ ಬಿಟ್ಟುಕೊಟ್ಟ ಟೆಂಡರುಗಳು, ಬ್ಯಾಂಕಿನ ಲೆಕ್ಕ, ಯಂತ್ರದ ಬಾಡಿಗೆ ರಸೀದಿಗಳನ್ನು ಎತ್ತಿಟ್ಟವನಿಗೆ 40 ಲಕ್ಷದ ಆಸೆ ಇಟ್ಟುಕೊಳ್ಳಲು ಅವಕಾಶವಿದೆ.

ಇದೆಲ್ಲವನ್ನೂ ಕೇಳುವವರು ಯಾರು ಎಂಬ ಪ್ರಶ್ನೆಯೇ ಕರ್ನಾಟಕದಲ್ಲಿ ದೊಡ್ಡ ವ್ಯಾಜ್ಯವಾಗಿತ್ತು. ಸರ್ಕಾರಿ ಗುತ್ತಿಗೆಗಳಲ್ಲಿ 29ನೇ ಷರತ್ತು ಎಂದೇ ಹೆಸರಾದ ಒಂದು ಷರತ್ತು ಇದೆ. ತಕರಾರು ಬಂದರೆ ಇಲಾಖೆಯ ಮೇಲಧಿಕಾರಿಯ ತೀರ್ಮಾನವೇ ಸರಿ ಎನ್ನುವ ಧಾಟಿಯದು. ಇದನ್ನು ಆರ್ಬಿಟ್ರೇಷನ್ ಎಂದು, ಅಂದರೆ ಎರಡೂ ಕಡೆಯವರ ಅಹವಾಲು ಕೇಳಿ ಪಂಚರು ತೀರ್ಪು ಕೊಡುವ ಏರ್ಪಾಡು ಎಂದು, ಬಹಳ ಜನ ತಿಳಿದಿದ್ದರು. ಪಿ. ದಶರಥರಾಮ ರೆಡ್ಡಿ ಕಾಂಪ್ಲೆಕ್ಸ್ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟು ಅದು ಆರ್ಬಿಟ್ರೇಷನ್ ಷರತ್ತೇ ಅಲ್ಲ, ಇಲಾಖೆಯೊಳಗಿನ ತೀರ್ಮಾನ ಮಾತ್ರ ಎಂದು ಹೇಳಿತು. ಪಂಚರ ಮುಂದೆ ಹೋಗುತ್ತೇವೆ ಎಂದುಕೊಂಡವರು ಸಿವಿಲ್ ಕೋರ್ಟಿನ ದಾರಿ ಹಿಡಿಯಬೇಕಾಯಿತು. ಅಲ್ಲಿ ಕಾಲಮಿತಿಯ ಕತ್ತಿ ತೂಗುತ್ತಿರುತ್ತದೆ: ಮಾಡಿದ ಕೆಲಸದ ಹಣಕ್ಕೆ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಸಾಹೇಬರ ಕೋಣೆಗೆ ಅಲೆಯುವುದರಲ್ಲೇ ಆ 3 ವರ್ಷ ಕಳೆದವರಿದ್ದಾರೆ.

ಅದಕ್ಕೂ ಮೊದಲು, 2007ರಲ್ಲಿ ವರದಿಯಾದ ಕೃಷ್ಣಾ ಭಾಗ್ಯ ಜಲ ನಿಗಮ ಮತ್ತು ಜಿ. ಹರಿಶ್ಚಂದ್ರ ರೆಡ್ಡಿ ಅವರ ಪ್ರಕರಣದಲ್ಲಿ ಇದೇ ಷರತ್ತಿನ ಮಾತು ಬಂದಾಗ, ಪಂಚರ ಮುಂದೆ ಕೊನೆಯವರೆಗೂ ಕುಳಿತು ವಾದಿಸಿ ಸೋತ ಮೇಲೆ ‘ಇದು ಆರ್ಬಿಟ್ರೇಷನ್ನೇ ಅಲ್ಲ’ ಎನ್ನುವಂತಿಲ್ಲ ಎಂದು ಕೋರ್ಟು ನಿಗಮಕ್ಕೆ ಹೇಳಿತ್ತು. ಆದರೆ ಪಂಚರು ಕೊಟ್ಟ ನೂರಕ್ಕೆ 18ರ ಬಡ್ಡಿಯನ್ನು 9ಕ್ಕೆ ಇಳಿಸಿತು. ದೇಶದಲ್ಲಿ ಬಡ್ಡಿ ದರವೇ ಇಳಿದಿರುವಾಗ ಹಳೆಯ ದರ ಏಕೆ ಎಂಬುದು ಅದರ ತರ್ಕ. ಊರಿನಲ್ಲಿ ಕೈಸಾಲ ತಂದು ಕೆಲಸ ಮುಗಿಸಿದವನಿಗೆ ಈ ತರ್ಕ ಒಪ್ಪಿಸುವುದು ಕಷ್ಟ.

ಒಂದು ಒಳ್ಳೆಯ ಬದಲಾವಣೆಯೂ ಆಗಿದೆ. ಸರ್ಕಾರಿ ಸಂಸ್ಥೆಯೇ ತನಗೆ ಬೇಕಾದವರನ್ನು ಏಕಪಕ್ಷೀಯವಾಗಿ ಪಂಚರನ್ನಾಗಿ ನೇಮಿಸುವ ಷರತ್ತು ಸಂವಿಧಾನದ ಸಮಾನತೆಯ ತತ್ವಕ್ಕೆ ವಿರುದ್ಧ ಎಂದು ಐವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಪೀಠ 2024ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ರೈಲ್ವೆ ಸಂಸ್ಥೆಯೊಂದರ ಗುತ್ತಿಗೆಯಿಂದ ಹುಟ್ಟಿದ ಪ್ರಕರಣವದು. ಸಣ್ಣ ಗುತ್ತಿಗೆದಾರರಿಗೆ ಹೆಚ್ಚು ಬಲ ಕೊಟ್ಟ ತೀರ್ಪು ಎಂದರೆ ಅದೇ.

ಕರೆಂಟಿನ ಕಥೆ ಇನ್ನೂ ಹಳೆಯದು, ಇನ್ನೂ ಸ್ವಾರಸ್ಯದ್ದು. ಗೋಕಾಕ ಫಾಲ್ಸ್‌ನ ಗಿರಣಿ ಘಟಪ್ರಭೆಯ ನೀರಿನ ಬಲದಿಂದ ತಿರುಗಲು ಶುರುವಾದದ್ದು 1887ರಲ್ಲಿ. ಮೇಲ್ಗಡೆ ಧೂಪದಾಳದಲ್ಲಿ ಒಡ್ಡು ಮುಗಿದದ್ದು 1897ರಲ್ಲಿ. ಅಲ್ಲಿಂದ ನೀರು ಗಿರಣಿಗೆ ಎಷ್ಟು, ಹೊಲಕ್ಕೆ ಎಷ್ಟು ಎಂಬ ಲೆಕ್ಕ ಆ ಕಾಲದಿಂದಲೂ ಇದೆ.

ಹುಕ್ಕೇರಿಯದು ದೇಶವೇ ಗಮನಿಸಬೇಕಾದ ಪ್ರಯೋಗ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದ ಹೊತ್ತಿನಲ್ಲಿ, ಅಮೆರಿಕದ ಹಳ್ಳಿಗಳ ಸಹಕಾರಿ ವಿದ್ಯುತ್ ಸಂಘಗಳ ಮಾದರಿಯಲ್ಲಿ, ಭಾರತದಲ್ಲಿ ಐದು ಕಡೆ ಗ್ರಾಹಕರೇ ಸದಸ್ಯರಾದ ಸಂಘಗಳನ್ನು ಕಟ್ಟಿದರು: ಹುಕ್ಕೇರಿ, ಆಗಿನ ಆಂಧ್ರದ ಸಿರ್ಸಿಲ್ಲ, ಗುಜರಾತಿನ ಕೊಡಿನಾರ, ಮಹಾರಾಷ್ಟ್ರದ ಮುಳಾ ಪ್ರವರಾ, ಉತ್ತರ ಪ್ರದೇಶದ ಲಖನೌ. ಕರ್ನಾಟಕದಲ್ಲಿ ಇಂದಿಗೂ ಇರುವ ಒಂದೇ ಒಂದು ವಿದ್ಯುತ್ ಸಹಕಾರಿ ಸಂಘ ಹುಕ್ಕೇರಿಯದು. ರಾಜ್ಯದ ಉಳಿದ ಕಡೆ ಬೆಸ್ಕಾಂ, ಹೆಸ್ಕಾಂನಂಥ ವಿತರಣಾ ಕಂಪನಿಗಳು, ಅಂದರೆ ಎಸ್ಕಾಂಗಳು, ಬಿಲ್ಲು ಕೊಟ್ಟರೆ, ಹುಕ್ಕೇರಿಯ ರೈತನಿಗೆ ಅವನದೇ ಸಂಘ ಬಿಲ್ಲು ಕೊಡುತ್ತದೆ. ಸಂಘ ಸಗಟಾಗಿ ವಿದ್ಯುತ್ ಕೊಂಡು ಚಿಲ್ಲರೆ ಹಂಚುತ್ತದೆ. ಎರಡೂ ದರವನ್ನು ಬೆಂಗಳೂರಿನ ವಸಂತನಗರದಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ನಿಗದಿ ಮಾಡುತ್ತದೆ.

ಇಲ್ಲಿ ವಿದ್ಯುತ್ ವಕೀಲರ ಕೆಲಸ ಏನೆಂಬುದು ಪಂಪ್‌ಸೆಟ್ಟಿನ ಬಳಿ ಹೋದರೆ ತಿಳಿಯುತ್ತದೆ. 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಆ ದುಡ್ಡನ್ನು ಸರ್ಕಾರ ಸಬ್ಸಿಡಿಯಾಗಿ ಕೊಡಬೇಕು, ಅದೂ ಮುಂಗಡವಾಗಿ ಕೊಡಬೇಕು ಎನ್ನುತ್ತದೆ 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಕಲಮು. ಪಂಪ್‌ಸೆಟ್ಟುಗಳಿಗೆ ಹೆಚ್ಚಿನ ಕಡೆ ಮೀಟರಿಲ್ಲ. ಫೀಡರಿನ ಮೀಟರ್ ನೋಡಿ, ತಂತಿಯಲ್ಲಿ ಸೋರಿದ್ದನ್ನು ಕಳೆದು, ಪಂಪುಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ಹಿಡಿಯುತ್ತಾರೆ. ಮತ್ತೆ ಒಂದು ಕಲ್ಪಿತ ಲೆಕ್ಕ: ಒಂದು ಫೀಡರಿನಲ್ಲಿ ತಿಂಗಳಿಗೆ 88,000 ಯೂನಿಟ್ ಪಂಪುಗಳಿಗೆ ಹೋಗಿದೆ, ಪಟ್ಟಿಯಲ್ಲಿ 220 ಪಂಪು. ಸರಾಸರಿ 400 ಯೂನಿಟ್. ಆದರೆ ಅದರಲ್ಲಿ 20 ಬೋರ್‌ವೆಲ್ ಬತ್ತಿ ಪಂಪು ನಿಂತಿವೆ. ನಡೆಯುವ 200ರಿಂದ ಭಾಗಿಸಿದರೆ ಸರಾಸರಿ 440. ಈ 440ನ್ನು ಬತ್ತಿದ ಬೋರುಗಳೂ ಸೇರಿದ, ಇಡೀ ಸಂಘದ 20,000 ಪಂಪುಗಳ ಪೂರ್ತಿ ಪಟ್ಟಿಗೆ ಗುಣಿಸಿದರೆ 88 ಲಕ್ಷ ಯೂನಿಟ್, 400ರಿಂದ ಗುಣಿಸಿದರೆ 80 ಲಕ್ಷ. ನಡುವಿನ 8 ಲಕ್ಷ ಯೂನಿಟ್ ಯಾರ ಹೆಗಲಿಗೆ? ಸರ್ಕಾರದ ಸಬ್ಸಿಡಿಗೋ, ಸಂಘದ ನಷ್ಟಕ್ಕೋ, ಬಿಲ್ಲು ಕಟ್ಟುವ ಮನೆ ಅಂಗಡಿಗಳ ದರಕ್ಕೋ? ಆಯೋಗದ ಮುಂದೆ ವಾದ ನಡೆಯುವುದು ಇಂಥ ಜಾಗದಲ್ಲಿ. ಪಂಪ್‌ಸೆಟ್ಟುಗಳ ಜಿಪಿಎಸ್ ಸರ್ವೆ ಮಾಡಿ ಎಂದು ಆಯೋಗ ಒತ್ತಾಯಿಸುತ್ತಾ ಬಂದದ್ದೂ ಇದಕ್ಕೇ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಮುಳಾ ಪ್ರವರಾ ಸಂಘ ರಾಜ್ಯದ ವಿದ್ಯುತ್ ಕಂಪನಿಗೆ ಕೊಡಬೇಕಾದ ಬಾಕಿ ಬೆಳೆಯುತ್ತಾ ಹೋಗಿ, 2011ರಲ್ಲಿ ಅದರ ಲೈಸೆನ್ಸು ಮುಗಿದಾಗ ಆ ಪ್ರದೇಶ ಮಹಾರಾಷ್ಟ್ರದ ವಿತರಣಾ ಕಂಪನಿಯ ಪಾಲಾಯಿತು. ಹುಕ್ಕೇರಿಯ ಜನ ತಮ್ಮ ಸಂಘದ ಚುನಾವಣೆಗೆ ತೋರುವ ಉತ್ಸಾಹದಲ್ಲಿ ಅರ್ಧವನ್ನಾದರೂ ಕೆಇಆರ್‌ಸಿಯ ದರ ವಿಚಾರಣೆಗೆ ತೋರಬೇಕು. ಆ ವಿಚಾರಣೆಯಲ್ಲಿ ಯಾವ ಗ್ರಾಹಕನೂ ಎದ್ದು ಆಕ್ಷೇಪ ಹೇಳಬಹುದು, ಅದಕ್ಕೆ ವಕೀಲರೇ ಬೇಕೆಂದಿಲ್ಲ.

ವಿದ್ಯುತ್ ಮಾರುವವರ ವ್ಯಾಜ್ಯ ಬೇರೆ ತರಹದ್ದು. ಸಂಕೇಶ್ವರ, ಬೆಲ್ಲದ ಬಾಗೇವಾಡಿ, ಹುಣಶ್ಯಾಳ ಹೀಗೆ ಸಕ್ಕರೆ ಕಾರ್ಖಾನೆಗಳ ಸಾಲೇ ಇರುವ ಸೀಮೆಯಿದು. ಕಬ್ಬಿನ ಸಿಪ್ಪೆಯಿಂದ ಮಾಡಿದ ಹೆಚ್ಚುವರಿ ವಿದ್ಯುತ್ತನ್ನು ಕಾರ್ಖಾನೆಗಳು ಎಸ್ಕಾಂಗಳಿಗೆ ಮಾರುವುದು ದೀರ್ಘಾವಧಿಯ ಖರೀದಿ ಒಪ್ಪಂದದ ಮೇಲೆ. ದರ, ಬಾಕಿ, ಬಡ್ಡಿ, ಬರಗಾಲದಲ್ಲಿ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಕಲಮಿನಡಿ ‘ವಿದ್ಯುತ್ ರಾಜ್ಯದ ಗ್ರಿಡ್ಡಿಗೇ ಕೊಡಿ’ ಎಂದು ಹೊರಡಿಸುವ ಆದೇಶ, ಎಲ್ಲವೂ ತಗಾದೆಯ ಬೀಜಗಳೇ. ಇಂಥ ತಗಾದೆಗೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ. ಉತ್ಪಾದಕರು ಮತ್ತು ಲೈಸೆನ್ಸುದಾರರ ನಡುವಿನ ವ್ಯಾಜ್ಯವನ್ನು ರಾಜ್ಯ ಆಯೋಗವೇ ಕೇಳಬೇಕು, ಇಲ್ಲವೇ ತಾನೇ ಪಂಚರನ್ನು ನೇಮಿಸಬೇಕು ಎಂದು 2008ರಲ್ಲಿ ಗುಜರಾತ್ ಊರ್ಜಾ ಮತ್ತು ಎಸ್ಸಾರ್ ಪವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆಯೋಗದ ಆದೇಶದ ಮೇಲೆ 45 ದಿನದಲ್ಲಿ ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ 60 ದಿನದಲ್ಲಿ ಸುಪ್ರೀಂ ಕೋರ್ಟಿಗೆ.

ರಾಜ್ಯದ 2014ರ ಸೌರ ನೀತಿಯಡಿ ಜಮೀನುಳ್ಳ ರೈತರಿಗೂ 1ರಿಂದ 3 ಮೆಗಾವಾಟ್ ಸ್ಥಾವರ ಹಾಕಲು ಅವಕಾಶ ಸಿಕ್ಕಿತು, ಯೂನಿಟ್ಟಿಗೆ 8 ರೂಪಾಯಿ 40 ಪೈಸೆ ದರದಲ್ಲಿ. ಜಮೀನಿನ ಪರಿವರ್ತನೆ, ಲೈನಿನ ಅನುಮತಿ ಅಂತ ತಡವಾದವರಿಗೆ ದರವೇ ಇಳಿಯಿತು, ಕೇಸುಗಳು ದೆಹಲಿವರೆಗೆ ಹೋದವು. ದಿನಾಂಕದ ಬೆಲೆ ಎಷ್ಟೆಂಬುದಕ್ಕೆ ಬೆಸ್ಕಾಂ ಮತ್ತು ಇ.ಎಸ್. ಸೋಲಾರ್ ಪ್ರಕರಣ ಸಾಕು. ಸ್ಥಾವರ ಗಡುವಿನೊಳಗೆ ಶುರುವಾಯಿತೋ, ಒಂದೇ ಒಂದು ದಿನ ತಪ್ಪಿತೋ ಎಂಬ ಎಣಿಕೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2021ರಲ್ಲಿ ಸೌರ ಕಂಪನಿಯ ಪರವಾಗಿ ಮುಗಿಯಿತು.

ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಕಾಮಗಾರಿ ತಗಾದೆಗಳಿಗೆ ಒಂದು ತುರ್ತು ದಾರಿ ಮಾಡಿಕೊಟ್ಟಿದೆ. ಸ್ವತಂತ್ರ ನಿರ್ಣಾಯಕರೊಬ್ಬರು 28 ದಿನದಲ್ಲಿ ಸದ್ಯಕ್ಕೊಂದು ತೀರ್ಮಾನ ಕೊಡುತ್ತಾರೆ. ಮೊದಲು ದುಡ್ಡು ಕೊಡು, ದೊಡ್ಡ ಜಗಳ ಆಮೇಲೆ ಮಾಡು ಎನ್ನುವ ಪದ್ಧತಿ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ‘ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆ ಕೂಲಿಯವರಿಗೆ ವಾರದ ಬಟವಡೆ ಕೊಡಬೇಕಾದ ಸಣ್ಣ ಗುತ್ತಿಗೆದಾರನ ಪಾಲಿಗೆ ಅಕ್ಷರಶಃ ನಿಜವಾಗುತ್ತದೆ. ಅಂಥ ಕಾಯ್ದೆ ಕರ್ನಾಟಕಕ್ಕೆ ಬೇಕು. ನೀರಾವರಿ ನಿಗಮಗಳ ಗುತ್ತಿಗೆಗಳಿಂದಲೇ ಅದನ್ನು ಶುರು ಮಾಡಬಹುದು.

ಅಲ್ಲಿಯವರೆಗೆ ಊರಿನ ಮಟ್ಟದಲ್ಲಿ ಮಾಡಬಹುದಾದದ್ದು ಬಹಳ ಇದೆ. ಹೈಕೋರ್ಟಿನ ಪೀಠ 2008ರಲ್ಲಿ ಧಾರವಾಡಕ್ಕೆ ಬಂದು 2013ರಲ್ಲಿ ಕಾಯಂ ಆಯಿತು. ಕೋವಿಡ್ ನಂತರ ಆಯೋಗ, ಕೋರ್ಟುಗಳಲ್ಲಿ ವಿಡಿಯೊ ವಿಚಾರಣೆ ರೂಢಿಗೆ ಬಂದಿದೆ. ಗೋಕಾಕದ ಕೋರ್ಟ್ ಆವರಣದಲ್ಲಿ ಕೂರುವ ಯುವ ವಕೀಲರು ಇದೊಂದು ಕಸುಬು ಎಂದು ಕಲಿತರೆ ಕಡತ ಮೊದಲ ದಿನದಿಂದಲೇ ಸರಿಯಾಗಿ ಬೆಳೆಯುತ್ತದೆ. ನೀರು ಬಿಟ್ಟ ದಿನವೇ ಇಂಜಿನಿಯರಿಗೆ ಒಂದು ಪತ್ರ, ಕಲ್ಲು ಕಂಡ ದಿನವೇ ತಾರೀಖು ಕಾಣುವ ಫೋಟೊ, ಬಾಯಿಮಾತಿನ ಆದೇಶಕ್ಕೆ ಅಂದೇ ಸಂಜೆ ‘ತಾವು ಹೇಳಿದಂತೆ ಮಾಡುತ್ತಿದ್ದೇವೆ’ ಎಂಬ ಒಂದು ಇಮೇಲ್, ಎಂ.ಬಿ.ಯಲ್ಲಿ ಒಪ್ಪಿಗೆಯಿಲ್ಲದಿದ್ದರೆ ಸಹಿಯ ಪಕ್ಕದಲ್ಲೇ ‘ತಕರಾರಿನೊಂದಿಗೆ’ ಎಂಬ ಒಂದು ಪದ. ಇಷ್ಟನ್ನು ಬರೆಸಲು ದೆಹಲಿಯ ಹಿರಿಯರು ಬೇಕಾಗಿಲ್ಲ, ಆದರೆ ದೆಹಲಿಯ ಹಿರಿಯರಿಗೆ ಇಷ್ಟು ಬೇಕೇ ಬೇಕು.

ಬೇಸಿಗೆಯಲ್ಲಿ ಹಿಡಕಲ್ ಹಿನ್ನೀರು ಇಳಿದಾಗ ಮುಳುಗಿದ ಹುನ್ನೂರಿನ ವಿಠ್ಠಲ ದೇವಸ್ಥಾನ ಮೇಲೆ ಕಾಣುತ್ತದೆ, ಬೆಳಗಾವಿಯಿಂದ ಹುಡುಗರು ನೋಡಲು ಬರುತ್ತಾರೆ. ಕಾಲುವೆಗಳು ಒಣಗಿ ಕಾಂಕ್ರೀಟ್ ಕೆಲಸ ನಡೆಯುವುದೂ ಅದೇ ಹೊತ್ತಿನಲ್ಲಿ. ಲಖಮಗೌಡರ ಹೆಸರಿನ ಕಾಲೇಜಿನ ವಿದ್ಯಾರ್ಥಿಗಳು ಒಂದು ದಿನ ಹುನ್ನೂರಿನಿಂದ ಮುಂದೆ ಗೋಕಾಕ, ಮೂಡಲಗಿ ಕಡೆಯ ಕಾಲುವೆಗೂ ಇಳಿಯಲಿ. ಟೇಪು ಹಿಡಿದ ವರ್ಕ್ ಇನ್‌ಸ್ಪೆಕ್ಟರ್ ಪಕ್ಕ ನಿಂತು, ತಗ್ಗು ಮುಚ್ಚುವ ಮೊದಲು ಅಳತೆ ಹೇಗೆ ಬರೆಯುತ್ತಾರೆ, ಯಾರು ಎಲ್ಲಿ ಸಹಿ ಹಾಕುತ್ತಾರೆ ಎಂದು ಕಣ್ಣಾರೆ ನೋಡಲಿ.